ಒಂದು ದಿನ ಕಾಣುವ, ಮರುದಿನ ಮಾಯವಾಗುವ ಹಾರ್ಡ್ ಡಿಸ್ಕ್: ತಪ್ಪು ಎಲ್ಲಿದೆ ಅಂತ ಹುಡುಕುವ ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಪವರ್ ಬಟನ್ ಒತ್ತಿದರೆ ಕಪ್ಪು ಪರದೆ. ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ ಒಂದು ಸಾಲು. ಆಫ್ ಮಾಡಿ, ಕ್ಯಾಬಿನೆಟ್ಟಿಗೆ ಒಂದು ತಟ್ಟು ಕೊಟ್ಟು ಮತ್ತೆ ಆನ್ ಮಾಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ವಿಂಡೋಸ್ ಬರುತ್ತದೆ. ಆಮೇಲೆ ಹತ್ತು ದಿನ ಸುದ್ದಿ ಇಲ್ಲ. ಹನ್ನೊಂದನೇ ದಿನ ಮತ್ತೆ ಅದೇ ಕಥೆ.

ನಮ್ಮ ಮನೆಯ ಡೆಸ್ಕ್‌ಟಾಪ್ ಐದು ತಿಂಗಳು ಸುಮಾರು ಹೀಗೇ ಆಟ ಆಡಿಸಿತು, ಕಪ್ಪು ಪರದೆ ಒಂದು ಬಿಟ್ಟು. ವಿಂಡೋಸ್ ಇರುವ ಎಸ್‌ಎಸ್‌ಡಿ ಸರಿಯಾಗಿಯೇ ಇರುತ್ತಿತ್ತು, ಫೋಟೋ ತುಂಬಿದ 1 ಟಿಬಿ ಹಾರ್ಡ್ ಡಿಸ್ಕ್ ಮಾತ್ರ ಆಗಾಗ ಕಾಣೆ. ಅಂಗಡಿಗೆ ಕೊಟ್ಟೆ. ಎರಡು ದಿನ ಇಟ್ಟುಕೊಂಡು ‘ಏನೂ ತೊಂದರೆ ಇಲ್ಲ ಸರ್, ಚೆನ್ನಾಗೇ ಓಡ್ತಿದೆ’ ಅಂದರು. ಅವರ ಟೇಬಲ್ ಮೇಲೆ ಅದು ನಿಜವಾಗಿಯೂ ಚೆನ್ನಾಗೇ ಓಡಿರುತ್ತದೆ. ಆಗಾಗ ಬಂದು ಹೋಗುವ ತಪ್ಪಿನ ಗುಣವೇ ಅದು, ನೋಡುವವರ ಎದುರು ಬರುವುದಿಲ್ಲ. ಇನ್ನೊಂದು ಮೋಸ ಅದಕ್ಕಿಂತ ದೊಡ್ಡದು. ನೀವು ಏನೇ ಮಾಡಿ, ಕೇಬಲ್ ಅಲ್ಲಾಡಿಸಿ, ಧೂಳು ಹೊಡೆಯಿರಿ, ಬರೀ ಆಫ್ ಮಾಡಿ ಆನ್ ಮಾಡಿ, ಒಂದಷ್ಟು ದಿನ ಸರಿಯಾಗುತ್ತದೆ. ‘ಸಿಕ್ತು ಕಳ್ಳ’ ಅಂತ ಮುಚ್ಚಳ ಹಾಕಿ ಸ್ಕ್ರೂ ಬಿಗಿಯುತ್ತೀರಿ. ಸಿಕ್ಕಿರುವುದಿಲ್ಲ.

ಅದಕ್ಕೇ ಇಲ್ಲಿ ಹೇಳುವ ಕ್ರಮ ಸ್ವಲ್ಪ ನಿಧಾನದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ, ಬರೆದಿಡುವುದು, ಕಾಯುವುದು. ಬೇಕಾದ ಸಾಮಾನು ಜಾಸ್ತಿ ಇಲ್ಲ: ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಹೊಸ ಸಾಟಾ ಡೇಟಾ ಕೇಬಲ್ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವುದು), ಫೋನಿನ ಕ್ಯಾಮೆರಾ, ಒಂದು ನೋಟ್‌ಬುಕ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು.

ಶುರು ಮಾಡುವ ಮೊದಲು: ಕಾಣುತ್ತಿರುವಾಗಲೇ ಕಾಪಿ ಮಾಡಿ

ಡಿಸ್ಕ್ ಇವತ್ತು ಕಾಣುತ್ತಿದೆ ಅಂದರೆ ಬೇರೆ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಮೊದಲು ಕಾಪಿ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಲು ಹೋಗಬೇಡಿ, ಅರ್ಧದಲ್ಲಿ ಡಿಸ್ಕ್ ಮಾಯವಾದರೆ ಏನು ಬಂತು ಏನು ಬಿಟ್ಟಿತು ಅನ್ನುವ ಲೆಕ್ಕವೇ ಸಿಗುವುದಿಲ್ಲ. ಮತ್ತೆ ಸಿಗದ ಸಾಮಾನು ಮೊದಲು: ಮನೆಯ ಫೋಟೋ, ಟ್ಯಾಲಿ ಡೇಟಾ, ಜಮೀನಿನ ಕಾಗದಗಳ ಸ್ಕ್ಯಾನ್, ನುಡಿಯಲ್ಲಿ ಟೈಪ್ ಮಾಡಿಟ್ಟ ಹಳೇ ಫೈಲುಗಳು. ಸಿನಿಮಾ, ಸಾಫ್ಟ್‌ವೇರ್ ಎಲ್ಲ ಕೊನೆಗೆ, ಅಥವಾ ಬೇಡವೇ ಬೇಡ.

ಎರಡು ಎಚ್ಚರಿಕೆ. ಡಿಸ್ಕಿನಿಂದ ಟಕ್, ಟಕ್, ಟಕ್ ಅಂತ ಒಂದೇ ತಾಳದಲ್ಲಿ ಸದ್ದು ಬರುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಆಫ್ ಮಾಡಿ. ಒಳಗಿನ ಹೆಡ್ ತನ್ನ ಜಾಗ ಹುಡುಕಲಾರದೆ ಒದ್ದಾಡುವ ಸದ್ದು ಅದು. ಆಮೇಲೆ ನೀವು ಆನ್ ಮಾಡಿದಷ್ಟೂ ಹಾನಿ ಹೆಚ್ಚು. ಡೇಟಾ ಮುಖ್ಯವಾಗಿದ್ದರೆ ರಿಕವರಿ ಮಾಡುವವರ ಹತ್ತಿರ ಹೋಗಬೇಕು, ಫ್ರೀಜರಿನಲ್ಲಿ ಇಡುವ ನಾಟಿ ಮದ್ದು ಮಾಡಬೇಡಿ. ಎರಡನೆಯದು, ಮಾಯವಾಗಿ ವಾಪಸ್ ಬಂದ ಡಿಸ್ಕನ್ನು ನೋಡಿ ವಿಂಡೋಸ್ ಕೆಲವೊಮ್ಮೆ ‘ಇನಿಷಿಯಲೈಸ್ ಮಾಡಲಾ’, ‘ಫಾರ್ಮ್ಯಾಟ್ ಮಾಡಲಾ’ ಅಂತ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಅಷ್ಟೇ ವಿನಯದಿಂದ ಅದು ನಿಮ್ಮ ಪಾರ್ಟಿಷನ್‌ಗಳನ್ನು ಒರೆಸಿಬಿಡಬಲ್ಲದು.

ವಿಂಡೋಸ್ 11 ಇದ್ದರೆ ಇನ್ನೂ ಒಂದು ಕೆಲಸ. ಎಷ್ಟೋ ಕಂಪ್ಯೂಟರುಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಏನಾದರೂ ಬದಲಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಿ ಕುಳಿತುಬಿಡಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಕೀ ಇದೆಯಾ ನೋಡಿ, ಈಗಲೇ ಬರೆದಿಟ್ಟುಕೊಳ್ಳಿ.

1. ಎಲ್ಲಿ ಮಾಯವಾಗುತ್ತಿದೆ?

‘ಡಿಸ್ಕ್ ಕಾಣ್ತಿಲ್ಲ’ ಅನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಬಯೋಸ್‌ಗೇ ಕಾಣುತ್ತಿಲ್ಲವಾ, ಅಥವಾ ಬಯೋಸ್‌ಗೆ ಕಂಡು ವಿಂಡೋಸ್‌ಗೆ ಕಾಣುತ್ತಿಲ್ಲವಾ? ಮುಂದಿನ ಸಲ ಡಿಸ್ಕ್ ಕಾಣೆಯಾದಾಗ ಸುಮ್ನೆ ರೀಸ್ಟಾರ್ಟ್ ಒತ್ತಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ಸಾಕ್ಷಿ ಅಳಿಸಿದ ಹಾಗೆ. ರೀಸ್ಟಾರ್ಟ್ ಮಾಡುವಾಗಲೇ ಡಿಲೀಟ್ ಕೀ ಅಥವಾ ಎಫ್2 ಒತ್ತುತ್ತಾ ಬಯೋಸ್ ಒಳಗೆ ಹೋಗಿ, ಸಾಟಾ ಅಥವಾ ಸ್ಟೋರೇಜ್ ಅಂತ ಬರೆದಿರುವ ಪುಟ ತೆರೆದು, ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ.

ಬೂಟ್ ಪಟ್ಟಿಯನ್ನು ಮಾತ್ರ ನೋಡಿ ನಿರ್ಧಾರಕ್ಕೆ ಬರಬೇಡಿ. ಬೂಟ್ ಮಾಡಲು ಬಾರದ ಡಿಸ್ಕ್ ಅಲ್ಲಿ ಇಲ್ಲದಿರುವುದು ಸಹಜ. ಪೋರ್ಟ್‌ಗಳ ಪಟ್ಟಿ ನೋಡಿ, ‘ಸಾಟಾ ಪೋರ್ಟ್ 1: ಇಂಥ ಡಿಸ್ಕ್’ ಅಂತ ಇರುತ್ತದಲ್ಲ, ಅದು ಬೇಕು.

ಬಯೋಸ್‌ನಲ್ಲೇ ಇಲ್ಲ ಅಂದರೆ ವಿಂಡೋಸ್ ಮೇಲೆ ಅನುಮಾನ ಬೇಡ. ಫಾರ್ಮ್ಯಾಟ್ ಹೊಡೆದು ವಿಂಡೋಸ್ ಮತ್ತೆ ಹಾಕಿದರೆ ಒಂದು ಭಾನುವಾರ ಹಾಳು, ಅಷ್ಟೇ. ಪವರ್, ಕೇಬಲ್, ಪೋರ್ಟ್, ಡಿಸ್ಕ್, ಈ ನಾಲ್ಕರಲ್ಲಿ ಒಂದು. ಬಯೋಸ್‌ನಲ್ಲಿ ಇದ್ದು ವಿಂಡೋಸ್‌ನಲ್ಲಿ ಇಲ್ಲ ಅಂದರೆ ಏಳನೇ ಹಂತಕ್ಕೆ ಜಿಗಿಯಿರಿ. ಶುರುವಿನಲ್ಲಿ ಎರಡೂ ಕಡೆ ಕಂಡು, ಕೆಲಸ ಮಾಡುತ್ತಿರುವಾಗ ಮಧ್ಯದಲ್ಲಿ ಕಣ್ಮರೆಯಾದರೆ ಡೇಟಾ ಕೇಬಲ್, ಪವರ್ ಅಥವಾ ಬಿಸಿ.

ಇನ್ನೊಂದು ಪ್ರಶ್ನೆ: ಯಾವಾಗಲೂ ಒಂದೇ ಡಿಸ್ಕ್ ಹೋಗುತ್ತದಾ, ಎಲ್ಲವೂ ಒಟ್ಟಿಗೆ ಹೋಗುತ್ತವಾ? ಎರಡು ಡಿಸ್ಕ್ ಒಂದೇ ದಿನ ಕೆಡುವುದು ಅಪರೂಪ. ಎರಡೂ ಒಟ್ಟಿಗೆ ಮಾಯವಾದರೆ ಎರಡಕ್ಕೂ ಸಾಮಾನ್ಯವಾದದ್ದನ್ನು ಹಿಡಿಯಿರಿ, ಒಂದೇ ಪವರ್ ವೈರ್, ಎಸ್‌ಎಂಪಿಎಸ್ (ಒಳಗೆಲ್ಲ ಕರೆಂಟ್ ಹಂಚುವ ಡಬ್ಬಿ), ಮದರ್‌ಬೋರ್ಡ್.

2. ನೋಟ್‌ಬುಕ್

ಇದನ್ನು ಯಾರೂ ಮಾಡುವುದಿಲ್ಲ, ನಾನೂ ಮೂರು ತಿಂಗಳು ಮಾಡಿರಲಿಲ್ಲ. ದಿನಾಂಕ, ಎಷ್ಟು ಹೊತ್ತು ಆಫ್ ಆಗಿತ್ತು, ಆನ್ ಮಾಡಿದ ತಕ್ಷಣವಾ ಅಥವಾ ಓಡುತ್ತಿರುವಾಗಲಾ, ಕರೆಂಟ್ ಹೋಗಿ ಬಂದಿತ್ತಾ, ರೀಸ್ಟಾರ್ಟ್ ಮಾಡಿದ ಮೇಲೆ ಬಂತಾ. ಇಷ್ಟು ಬರೆದರೆ ಸಾಕು. ನಾಲ್ಕೈದು ಸಲ ಬರೆಯುವಷ್ಟರಲ್ಲಿ ಒಂದು ಚಾಳಿ ಕಾಣತೊಡಗುತ್ತದೆ.

ರಾತ್ರಿಯಿಡೀ ಆಫ್ ಆಗಿದ್ದು ಬೆಳಿಗ್ಗೆ ಮೊದಲ ಸಲ ಮಾತ್ರ ಕಾಣದೆ, ರೀಸ್ಟಾರ್ಟ್ ಮಾಡಿದರೆ ಬರುತ್ತದೆ ಅಂದುಕೊಳ್ಳಿ. ಹಾರ್ಡ್ ಡಿಸ್ಕ್ ಒಳಗಿನ ತಟ್ಟೆ ನಿಂತಲ್ಲಿಂದ ಪೂರ್ತಿ ವೇಗಕ್ಕೆ ಬರಲು ಹಲವು ಸೆಕೆಂಡು ಬೇಕು. ರೀಸ್ಟಾರ್ಟ್ ಆಗುವಾಗ ಅದು ಆಗಲೇ ತಿರುಗುತ್ತಿರುತ್ತದೆ. ಹಾಗಾದರೆ ಇಲ್ಲಿ ಅನುಮಾನ ಮೂವರ ಮೇಲೆ: ಎದ್ದೇಳಲು ಕಷ್ಟಪಡುತ್ತಿರುವ ಹಳೇ ಡಿಸ್ಕ್, ಆ ಹೊತ್ತಿಗೆ ಬೇಕಾದ ಕರೆಂಟ್ ಕೊಡಲಾರದ ಎಸ್‌ಎಂಪಿಎಸ್, ಅಥವಾ ಡಿಸ್ಕಿಗೆ ಕಾಯದೆ ಓಡಿಬಿಡುವ ಬಯೋಸ್. ಕೊನೆಯದನ್ನು ಪರೀಕ್ಷಿಸುವುದು ಸುಲಭ. ಬಯೋಸ್‌ನಲ್ಲಿ ಫಾಸ್ಟ್ ಬೂಟ್ ಆಫ್ ಮಾಡಿ, ಪೋಸ್ಟ್ ಡಿಲೇ ಅನ್ನುವ ಆಯ್ಕೆ ಇದ್ದರೆ ಕೆಲವು ಸೆಕೆಂಡು ಜಾಸ್ತಿ ಮಾಡಿ.

ಬರೀ ಮಳೆಗಾಲದಲ್ಲಿ ಬರುವ ತೊಂದರೆಯೂ ಇದೆ. ಮಲೆನಾಡಿನ ಕಡೆ, ಕರಾವಳಿಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ, ಜೂನ್ ಬಂದರೆ ಪಾತ್ರೆ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಕನೆಕ್ಟರ್ ಕಾಲುಗಳಿಗೂ ಆ ತೇವ ಒಳ್ಳೆಯದಲ್ಲ.

3. ಮುಚ್ಚಳ ತೆಗೆಯುವ ಮುನ್ನ ಕಂಪ್ಯೂಟರನ್ನೇ ಕೇಳಿ

ವಿಂಡೋಸ್ ಒಂದು ಡೈರಿ ಬರೆಯುತ್ತಿರುತ್ತದೆ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಂ ಮೇಲೆ ಒತ್ತಿ. ಅಲ್ಲಿ ಸಾವಿರ ಸಾಲು ಇರುತ್ತವೆ, ಹೆದರಬೇಡಿ. ಡಿಸ್ಕ್ ಮಾಯವಾದ ಸಮಯದ ಆಚೀಚೆ ಐದು ನಿಮಿಷ ಮಾತ್ರ ನೋಡಿ. ಬೇಕಾದ ನಂಬರುಗಳು ನಾಲ್ಕೈದೇ. 7 ಅಂದರೆ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್. 11 ಅಂದರೆ ಕಂಟ್ರೋಲರ್ ಎರರ್. 129 ಅಂದರೆ ಡಿಸ್ಕ್ ಉತ್ತರ ಕೊಡಲಿಲ್ಲ, ವಿಂಡೋಸ್ ರೀಸೆಟ್ ಮಾಡಿತು. 153 ಅಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತು. 157 ಅಂದರೆ ಓಡುತ್ತಿದ್ದ ಡಿಸ್ಕನ್ನು ಯಾರೋ ಕಿತ್ತುಕೊಂಡ ಹಾಗೆ ದಿಢೀರನೆ ಹೋಯಿತು. 7 ಒಂದನ್ನು ಬಿಟ್ಟರೆ ಉಳಿದ ಯಾವುದೂ ‘ಡಿಸ್ಕ್ ಕೆಟ್ಟಿದೆ’ ಅಂತ ನೇರವಾಗಿ ಹೇಳುವುದಿಲ್ಲ, ಕೇಬಲ್ ಮತ್ತು ಪವರ್ ಕೂಡ ಇವೇ ಸಾಲು ಬರೆಸುತ್ತವೆ.

ಆಮೇಲೆ ಡಿಸ್ಕನ್ನೇ ಕೇಳಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಸ್ಮಾರ್ಟ್ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕವನ್ನು, ತೋರಿಸುತ್ತದೆ, ಆದರೆ ಬಿಟ್ಟ ಹಾಗೇ ಬಿಟ್ಟರೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 10 ಅಂತ ಕಂಡದ್ದು ನಿಜಕ್ಕೂ 16. ಮೆನುವಿನಲ್ಲಿ ರಾ ವ್ಯಾಲ್ಯೂಸ್ ಅನ್ನುವಲ್ಲಿ ಡೆಸಿಮಲ್‌ಗೆ ಬದಲಿಸಿಕೊಳ್ಳಿ. ನೋಡಬೇಕಾದ ಸಾಲುಗಳು ಇವು: 05, ಸಿ5, ಸಿ6, ಸಿ7. ಮೊದಲ ಮೂರು ಕೆಟ್ಟ ಸೆಕ್ಟರುಗಳ ಲೆಕ್ಕ, ಸೊನ್ನೆ ಇದ್ದರೆ ಚೆಂದ. ಇದ್ದದ್ದು ವಾರವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಡಲು ಗಂಟುಮೂಟೆ ಕಟ್ಟುತ್ತಿದೆ.

ಸಿ7 ಮಾತ್ರ ಬೇರೆ ಜಾತಿ. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿಯಲ್ಲಿ ಎಷ್ಟು ಸಲ ಮಾತು ಕೆಟ್ಟು ತಲುಪಿತು ಅನ್ನುವ ಲೆಕ್ಕ ಅದು. ಸಿ7 ಏರುತ್ತಿದೆ, ಉಳಿದವು ಸೊನ್ನೆ ಅಂದರೆ ನೂರಕ್ಕೆ ತೊಂಬತ್ತು ಸಲ ಡೇಟಾ ಕೇಬಲ್ ಅನ್ನುವುದು ನನ್ನ ಅಂದಾಜು. ಈ ಅಂಕಿ ಎಂದೂ ಇಳಿಯುವುದಿಲ್ಲ, ಆದ್ದರಿಂದ ‘200 ಇದೆ’ ಅಂತ ಗಾಬರಿ ಬೇಡ. ಇವತ್ತು ಎಷ್ಟಿದೆ ಅಂತ ಬರೆದಿಡಿ, ಕೇಬಲ್ ಬದಲಿಸಿದ ಮೇಲೆ ಅಲ್ಲೇ ನಿಂತಿದೆಯಾ ನೋಡಿ. ಸೀಗೇಟ್ ಡಿಸ್ಕ್ ಇದ್ದವರು 01 ಮತ್ತು 07ರ ಎದುರಿನ ಕೋಟಿಗಟ್ಟಲೆ ಅಂಕಿ ನೋಡಿ ಬೆವರುತ್ತಾರೆ. ಅವರು ಅಲ್ಲಿ ಲೆಕ್ಕ ಇಡುವ ರೀತಿಯೇ ಹಾಗೆ, ಬಿಟ್ಟುಬಿಡಿ.

4. ಈಗ ಮುಚ್ಚಳ: ಡೇಟಾ ಕೇಬಲ್

ಆಫ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ, ನಿಮ್ಮ ಮೈಯ ಸ್ಥಾಯಿ ವಿದ್ಯುತ್ ಇಳಿಯಲಿ. ಯಾವ ಕೇಬಲ್ಲನ್ನೂ ಕೀಳುವ ಮೊದಲು ಎರಡು ಮೂರು ಕೋನದಿಂದ ಫೋಟೋ ತೆಗೆಯಿರಿ. ಇದನ್ನು ಮಾಡದೆ ಕಿತ್ತವರು ಆಮೇಲೆ ‘ಇದು ಎಲ್ಲಿತ್ತು’ ಅಂತ ಕೂತಿರುತ್ತಾರೆ.

ಧೂಳು ಇದ್ದರೆ ಬ್ಲೋವರ್ ಅಥವಾ ಒಣಗಿದ ಪೇಂಟ್ ಬ್ರಷ್. ಒದ್ದೆ ಬಟ್ಟೆ ಬೇಡ. ಇರುವೆ ಗೂಡು, ಹಲ್ಲಿ ಮೊಟ್ಟೆ ಸಿಕ್ಕರೆ ಆಶ್ಚರ್ಯಪಡಬೇಡಿ, ಬೆಚ್ಚಗಿನ ಪೆಟ್ಟಿಗೆ ಯಾರಿಗೆ ಬೇಡ?

ಸಾಟಾ ಡೇಟಾ ಕೇಬಲ್ ಅಂದರೆ 7 ಕಾಲಿನ, ಒಂದು ತುದಿ ಮಡಚಿದ ಚಪ್ಪಟೆ ಕನೆಕ್ಟರ್. ಇದು ನೋಡಲು ಎಷ್ಟು ಸಲ ಬೇಕಾದರೂ ಹಾಕಿ ತೆಗೆಯಬಹುದು ಅನ್ನಿಸುತ್ತದೆ, ಆದರೆ ಕ್ಯಾಬಿನೆಟ್ ಒಳಗಿನ ಕೇಬಲ್ಲಿಗೆ ಸಾಟಾ ನಿಯಮದಲ್ಲಿ ಹೇಳಿರುವುದು ಸುಮಾರು 50 ಸಲ ಮಾತ್ರ. ಹಳೇ ಕೇಬಲ್ಲುಗಳಲ್ಲಿ ಹಿಡಿದಿಡುವ ಕ್ಲಿಪ್ ಇರುತ್ತಿರಲಿಲ್ಲ. ಕ್ಯಾಬಿನೆಟ್ಟನ್ನು ಕಾಲಲ್ಲಿ ಒಮ್ಮೆ ಸರಿಸಿದರೆ ಸಾಕು, ಅರ್ಧ ಮಿಲಿಮೀಟರ್ ಈಚೆ ಬಂದಿರುತ್ತದೆ. ಇನ್ನೊಂದು ಕಡೆ ನೋಡಿ, ಪಕ್ಕದ ಮುಚ್ಚಳ ಹಾಕಿದಾಗ ಅದು ಕನೆಕ್ಟರನ್ನು ಒತ್ತುತ್ತಿದೆಯಾ? ಮುಚ್ಚಳ ತೆಗೆದಿಟ್ಟಾಗ ಸರಿ, ಹಾಕಿದರೆ ಮತ್ತೆ ತೊಂದರೆ ಅನ್ನುವವರ ಕಥೆ ಸಾಮಾನ್ಯವಾಗಿ ಇದೇ.

ಕೇಬಲ್ ಕಿತ್ತು ಮತ್ತೆ ಹಾಕುವುದು ಪರೀಕ್ಷೆ ಅಲ್ಲ. ಮತ್ತೆ ಹೇಳುತ್ತೇನೆ, ಅದು ಪರೀಕ್ಷೆ ಅಲ್ಲ. ಕಾಲುಗಳು ಉಜ್ಜಿ ಸ್ವಲ್ಪ ಸ್ವಚ್ಛವಾಗಿ ಕೆಲವು ದಿನ ಓಡುತ್ತದೆ, ನಿಮಗೆ ಏನೂ ಗೊತ್ತಾಗಿರುವುದಿಲ್ಲ. ಬೇರೆ ಕೇಬಲ್ ಹಾಕಿ. ಕ್ಲಿಪ್ ಇರುವುದು, ಬೇಕಾದಷ್ಟೇ ಉದ್ದದ್ದು. ಎರಡು ಡಿಸ್ಕ್ ಇದ್ದವರಿಗೆ ಹೊಸ ಕೇಬಲ್ ಇಲ್ಲದೆಯೂ ಒಂದು ಉಪಾಯ ಇದೆ: ಎರಡರ ಡೇಟಾ ಕೇಬಲ್ಲುಗಳನ್ನು ಡಿಸ್ಕಿನ ತುದಿಯಲ್ಲಿ ಅದಲು ಬದಲು ಮಾಡಿ. ಈಗ ಇನ್ನೊಂದು ಡಿಸ್ಕ್ ಮಾಯವಾಗತೊಡಗಿದರೆ ತಪ್ಪು ಕೇಬಲ್ ಅಥವಾ ಅದರ ಪೋರ್ಟಿನದು. ಹಳೇ ಡಿಸ್ಕೇ ಮತ್ತೆ ಮಾಯವಾದರೆ ಪವರ್ ಅಥವಾ ಡಿಸ್ಕ್. ಒಂದು ರೂಪಾಯಿ ಖರ್ಚಿಲ್ಲದೆ ನಾಲ್ಕು ಅನುಮಾನ ಎರಡಕ್ಕೆ ಇಳಿಯಿತು, ಅಲ್ವಾ?

ರೇಡ್, ಅಂದರೆ ಹಲವು ಡಿಸ್ಕುಗಳನ್ನು ಒಂದರ ಹಾಗೆ ಜೋಡಿಸುವ ವ್ಯವಸ್ಥೆ, ಹಾಕಿಕೊಂಡವರು ಮಾತ್ರ ಈ ಅದಲು ಬದಲು ಆಟ ಆಡಬೇಡಿ.

5. ಪವರ್, ಎಲ್ಲರೂ ಕೊನೆಗೆ ನೋಡುವ ಜಾಗ

ನನ್ನ ತಪ್ಪು ಇಲ್ಲೇ ಇತ್ತು, ಅದಕ್ಕೆ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ.

ಡಿಸ್ಕಿಗೆ ಹೋಗುವ ಅಗಲವಾದ ಕನೆಕ್ಟರ್ 15 ಕಾಲಿನದು. ಅದರಲ್ಲಿ 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಮೂರಕ್ಕೂ ಜಾಗ ಇದೆ. ದೊಡ್ಡ ಹಾರ್ಡ್ ಡಿಸ್ಕ್, ಅಂದರೆ 3.5 ಇಂಚಿನದು, ಮೋಟಾರ್ ತಿರುಗಿಸಲು 12 ವೋಲ್ಟ್ ಬಳಸುತ್ತದೆ, ತನ್ನ ಬೋರ್ಡಿಗೆ 5 ವೋಲ್ಟ್. 2.5 ಇಂಚಿನ ಎಸ್‌ಎಸ್‌ಡಿಗೆ 5 ವೋಲ್ಟ್ ಮಾತ್ರ ಸಾಕು. ಇದರಿಂದ ಒಂದು ಸುಳಿವು ಪುಕ್ಕಟೆ ಸಿಗುತ್ತದೆ. ಒಂದೇ ವೈರಿನಲ್ಲಿರುವ ಎಸ್‌ಎಸ್‌ಡಿ ಯಾವತ್ತೂ ಸರಿ, ಹಾರ್ಡ್ ಡಿಸ್ಕ್ ಮಾತ್ರ ಹೋಗುತ್ತದೆ ಅಂದರೆ 12 ವೋಲ್ಟ್ ಸಾಲಿನ ಮೇಲೆ ಕಣ್ಣಿಡಿ. ದೊಡ್ಡ ಹಾರ್ಡ್ ಡಿಸ್ಕ್ ಎದ್ದೇಳುವ ಕ್ಷಣದಲ್ಲಿ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ತಿರುಗಲು ಶುರುವಾದ ಮೇಲೆ ಅದರ ಕಾಲು ಭಾಗವೂ ಬೇಕಾಗುವುದಿಲ್ಲ. ಲೂಸ್ ಕಾಂಟ್ಯಾಕ್ಟ್ ಇದ್ದರೆ ಎಡವುವುದು ಆ ಮೊದಲ ಕ್ಷಣದಲ್ಲೇ.

ನೋಡುವ ಕ್ರಮ ಹೀಗೆ. ಎಸ್‌ಎಂಪಿಎಸ್‌ನಿಂದ ಡಿಸ್ಕಿನವರೆಗೆ ವೈರನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋಗಿ. ದಾರಿಯಲ್ಲಿ ಒಂದು ತುದಿಯನ್ನು ಎರಡು ಮಾಡುವ ಸ್ಪ್ಲಿಟರ್ ಇದೆಯಾ? ನಾಲ್ಕು ಕಾಲಿನ ಹಳೇ ಮೊಲೆಕ್ಸ್ ಕನೆಕ್ಟರನ್ನು ಸಾಟಾ ಮಾಡುವ ಅಡಾಪ್ಟರ್ ಇದೆಯಾ? ಇದ್ದರೆ ಅದೇ ಮೊದಲ ಆರೋಪಿ. ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಸುರಿದು ವೈರುಗಳನ್ನು ಒಳಗೆ ಮುಚ್ಚಿಬಿಟ್ಟ ಅಗ್ಗದ ಅಡಾಪ್ಟರುಗಳು ಒಳಗಡೆ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಜಗತ್ತಿನಾದ್ಯಂತ ಇವೆ. ಕನೆಕ್ಟರ್ ಹತ್ತಿರ ಮೂಗಿಟ್ಟು ನೋಡಿ, ಸುಟ್ಟ ವಾಸನೆ, ಕಂದು ಕಲೆ, ಸೊಟ್ಟಗಾದ ಪ್ಲಾಸ್ಟಿಕ್ ಇದ್ದರೆ ಅದನ್ನು ಮತ್ತೆ ಹಾಕಲೇಬೇಡಿ. ಸಾಧ್ಯವಾದರೆ ಡಿಸ್ಕಿಗೆ ಎಸ್‌ಎಂಪಿಎಸ್‌ನಿಂದ ಬರುವ ಮೂಲ ಸಾಟಾ ತುದಿಯನ್ನೇ ನೇರವಾಗಿ ಕೊಡಿ, ಅದೂ ಬೇರೆ ಸಾಲಿನದು ಇದ್ದರೆ ಇನ್ನೂ ಒಳ್ಳೆಯದು.

ಮಲ್ಟಿಮೀಟರ್ ಬಳಸಿ ಅಭ್ಯಾಸ ಇದ್ದವರು ಖಾಲಿ ಇರುವ ಮೊಲೆಕ್ಸ್ ತುದಿಯಲ್ಲಿ ಅಳೆಯಬಹುದು. 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಮೊದಲು ಹಳದಿ ವೈರಿಗೆ, ಆಮೇಲೆ ಕೆಂಪು ವೈರಿಗೆ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25 ಒಳಗೆ ಇರಬೇಕು. ಕಡ್ಡಿಗಳು ಒಂದಕ್ಕೊಂದು ತಾಗಬಾರದು. ಒಂದು ಮಾತು ನೆನಪಿರಲಿ, ಮೀಟರ್ ನಿಧಾನದ ಪ್ರಾಣಿ. ಕಣ್ಣು ಮಿಟುಕಿಸುವಷ್ಟರಲ್ಲಿ ಕುಸಿದು ಮೇಲೆದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಅಂಕಿ ಕೆಟ್ಟದಾಗಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಅನ್ನಬಹುದು, ಅಂಕಿ ಚೆನ್ನಾಗಿದ್ದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಅನ್ನುವಂತಿಲ್ಲ. ನಿಜವಾದ ಪರೀಕ್ಷೆ ಅಂದರೆ ಗೆಳೆಯರಿಂದ ಒಂದು ಒಳ್ಳೆಯ ಎಸ್‌ಎಂಪಿಎಸ್ ಕಡ ತಂದು ಕೆಲವು ದಿನ ಓಡಿಸುವುದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ‘450 ವ್ಯಾಟ್’ ಚೀಟಿಯ ಡಬ್ಬಿಯನ್ನು ನಾನಂತೂ ನಂಬುವುದಿಲ್ಲ.

ಆ ಡಬ್ಬಿಯ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯಬಲ್ಲದು. ಇನ್ನೊಂದು, ಕೇಬಲ್ ಬೇರೆ ಮಾಡಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಅದರ ಜೊತೆ ಬಂದ ಕೇಬಲ್ಲನ್ನೇ ಹಾಕಿ. ತೂತು ಹೊಂದುತ್ತದೆ ಅಂತ ಇನ್ನೊಂದರ ಕೇಬಲ್ ಹಾಕಿದರೆ 5 ವೋಲ್ಟ್ ಜಾಗದಲ್ಲಿ 12 ವೋಲ್ಟ್ ಬಂದು ಎಲ್ಲ ಡಿಸ್ಕೂ ಒಂದೇ ಏಟಿಗೆ ಸುಡಬಹುದು.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ ಡಬ್ಬಿ ಒಡೆದು ಒಳಗಿನದನ್ನು ಡೆಸ್ಕ್‌ಟಾಪಿಗೆ ಹಾಕಿಕೊಂಡವರಿಗೆ ಒಂದು ವಿಶೇಷ. 2016ರ ಸಾಟಾ 3.3 ನಿಯಮದಲ್ಲಿ ಪವರ್ ಕನೆಕ್ಟರಿನ ಮೂರನೇ ಕಾಲಿಗೆ ಡಿಸ್ಕನ್ನು ಆಫ್ ಮಾಡಿಡುವ ಹೊಸ ಕೆಲಸ ಕೊಟ್ಟರು. ಅಂಥ ಡಿಸ್ಕಿಗೆ ಹಳೇ ಎಸ್‌ಎಂಪಿಎಸ್ ಆ ಕಾಲಿನಲ್ಲಿ 3.3 ವೋಲ್ಟ್ ಕೊಟ್ಟರೆ ಅದು ತಿರುಗುವುದೇ ಇಲ್ಲ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ, ಮೊದಲ ಮೂರು ಕಾಲಿಗೆ ಕ್ಯಾಪ್ಟಾನ್ ಅನ್ನುವ, ಕರೆಂಟ್ ಹರಿಯಬಿಡದ ಟೇಪ್ ಅಂಟಿಸುತ್ತಾರೆ.

ನನ್ನ ಕೇಸಿನಲ್ಲಿ ಸಿಕ್ಕಿದ್ದು ನೂರು ರೂಪಾಯಿಯೊಳಗಿನ ಒಂದು ಸ್ಪ್ಲಿಟರ್. ಎಸ್‌ಎಸ್‌ಡಿ ಹಾಕಿಸಿದಾಗ ಸಾಟಾ ತುದಿ ಸಾಲದೆ ಸೇರಿಸಿದ್ದರು. ಹೊರಗಿನಿಂದ ಹೊಸದರ ಹಾಗಿತ್ತು. ವೈರನ್ನು ಹಿಡಿದು ಮೆಲ್ಲಗೆ ಬಾಗಿಸಿದರೆ ಹಳದಿ ವೈರು ಕನೆಕ್ಟರಿನೊಳಗೆ ಜಾರಾಡುತ್ತಿತ್ತು.

6. ಪೋರ್ಟ್, ಮದರ್‌ಬೋರ್ಡ್, ಬಟನ್ ಸೆಲ್

ಕೇಬಲ್ ಬದಲಿಸಿಯೂ, ಪವರ್ ಬದಲಿಸಿಯೂ ಹೋಗದಿದ್ದರೆ ಮದರ್‌ಬೋರ್ಡಿನಲ್ಲಿ ಬೇರೆ ಸಾಟಾ ಪೋರ್ಟಿಗೆ ಹಾಕಿ. ಪೋರ್ಟ್ ಕೆಡುತ್ತದಾ ಅಂತ ಕೇಳಬೇಡಿ. 2011ರ ಜನವರಿ 31ರಂದು ಇಂಟೆಲ್ ಕಂಪನಿಯೇ ತನ್ನ 6 ಸರಣಿಯ ಚಿಪ್‌ಸೆಟ್‌ನಲ್ಲಿ ವಿನ್ಯಾಸದ ತಪ್ಪಿದೆ ಅಂತ ಒಪ್ಪಿಕೊಂಡು ಸಾಗಣೆ ನಿಲ್ಲಿಸಿತು. 3 ಗಿಗಾಬಿಟ್‌ನ ನಾಲ್ಕು ಸಾಟಾ ಪೋರ್ಟುಗಳು ಕಾಲ ಕಳೆದಂತೆ ದುರ್ಬಲವಾಗಿ ಡಿಸ್ಕ್ ಕೈಕೊಡಬಹುದಿತ್ತು, 6 ಗಿಗಾಬಿಟ್‌ನ ಎರಡಕ್ಕೆ ಏನೂ ಆಗುತ್ತಿರಲಿಲ್ಲ. ಸರಿಪಡಿಸಲು ಅವರು ಇಟ್ಟ ಅಂದಾಜು 70 ಕೋಟಿ ಡಾಲರ್. ಎಚ್67, ಪಿ67 ಬೋರ್ಡುಗಳು ಆ ಕಾಲದವು. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಂಡವರು ಬೋರ್ಡಿನ ಹೆಸರು ನೋಡಿ. 2011ರ ಶುರುವಿನ ಮಾಲಾಗಿದ್ದರೆ ಡಿಸ್ಕುಗಳನ್ನು ಆ ಎರಡು ವೇಗದ ಪೋರ್ಟಿಗೆ ಸರಿಸಿ.

ಕೆಲವು ಹೊಸ ಬೋರ್ಡುಗಳಲ್ಲಿ ಬೇರೊಂದು ತಮಾಷೆ. ಎಂ.2 ಎಸ್‌ಎಸ್‌ಡಿ (ಕೇಬಲ್ ಇಲ್ಲದೆ ಬೋರ್ಡಿಗೇ ಸಿಕ್ಕಿಸುವ ಪಟ್ಟಿ) ಹಾಕಿದ ಕೂಡಲೇ ಎಲ್ಲೋ ಒಂದು ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತದೆ, ಎರಡೂ ಒಂದೇ ದಾರಿ ಹಂಚಿಕೊಂಡಿರುತ್ತವೆ. ಹೊಸ ಎಸ್‌ಎಸ್‌ಡಿ ಹಾಕಿದ ದಿನದಿಂದ ಹಳೇ ಡಿಸ್ಕ್ ಕಾಣದಿದ್ದರೆ ಬೋರ್ಡಿನ ಮ್ಯಾನುಯಲ್ ತೆಗೆದು ನೋಡಿ, ಯಾವ ಪೋರ್ಟ್ ಅಂತ ಬರೆದೇ ಇರುತ್ತದೆ. ಎಂ.2 ಎಸ್‌ಎಸ್‌ಡಿಯೇ ಬಂದು ಹೋಗುತ್ತಿದ್ದರೆ ಅದರ ಸ್ಕ್ರೂ ತೆಗೆದು, ಹೊರಗೆಳೆದು, ಮತ್ತೆ ಪೂರ್ತಿ ಒಳಗೆ ಕೂರಿಸಿ. ಸ್ಕ್ರೂ ಇಲ್ಲದೆ ಟೇಪ್ ಹಚ್ಚಿ ಕೂರಿಸಿದ ಪುಣ್ಯಾತ್ಮರನ್ನೂ ನೋಡಿದ್ದೇನೆ.

ಇನ್ನು ಬಟನ್ ಸೆಲ್. ಸಿಆರ್2032, 3 ವೋಲ್ಟ್. ನಮ್ಮ ಮನೆಗಳಲ್ಲಿ ರಾತ್ರಿ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡುವ ರೂಢಿ, ಒಳ್ಳೆಯದೇ, ಆದರೆ ಆ ಹೊತ್ತಲ್ಲಿ ಗಡಿಯಾರ ಮತ್ತು ಬಯೋಸ್ ಸೆಟ್ಟಿಂಗ್ ಕಾಯುವ ಕೆಲಸ ಪೂರ್ತಿ ಈ ಸೆಲ್ಲಿನ ಮೇಲೆ ಬೀಳುತ್ತದೆ. ಅದು ಸತ್ತಾಗ ತಾರೀಕು ಹಿಂದಕ್ಕೆ ಹೋಗುತ್ತದೆ, ಅದರ ಜೊತೆ ಬೂಟ್ ಕ್ರಮವೂ ಸಾಟಾ ಮೋಡೂ ಕಾರ್ಖಾನೆಯಲ್ಲಿದ್ದ ಹಾಗೆ ಆಗಿಬಿಡುತ್ತವೆ. ಸಾಟಾ ಮೋಡ್ ಅಂದರೆ ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ಬಗೆ, ಅದು ಎಎಚ್‌ಸಿಐ ಇದ್ದದ್ದು ಐಡಿಇ ಅಥವಾ ರೇಡ್ ಆದರೆ ವಿಂಡೋಸ್ ನೀಲಿ ಪರದೆ ತೋರಿಸಿ ಮಲಗುತ್ತದೆ. ಕರೆಂಟ್ ಕಟ್ ಆದ ಮರುದಿನ ಮಾತ್ರ ತೊಂದರೆ ಬರುತ್ತದೆ, ಗಡಿಯಾರವೂ ತಪ್ಪಿರುತ್ತದೆ ಅಂದರೆ ಬೇರೇನೂ ಹುಡುಕಬೇಡಿ. ಕೆಲವೇ ರೂಪಾಯಿಯ ಸೆಲ್, ಹಾಕಿ, ಬಯೋಸ್‌ನಲ್ಲಿ ಸಾಟಾ ಮೋಡ್ ಮೊದಲು ಏನಿತ್ತೋ ಅದನ್ನೇ ಮತ್ತೆ ಇಡಿ.

7. ಬಯೋಸ್‌ನಲ್ಲಿ ಇದೆ, ವಿಂಡೋಸ್‌ನಲ್ಲಿ ಇಲ್ಲ

ವಿಂಡೋಸ್ ಕೀ ಮತ್ತು ಎಕ್ಸ್, ಅಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್. ಡಿಸ್ಕ್ ಅಲ್ಲಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಬಲ ಕ್ಲಿಕ್ ಮಾಡಿ ಒಂದು ಡ್ರೈವ್ ಅಕ್ಷರ ಕೊಡಿ. ಪೆನ್ ಡ್ರೈವ್ ಹಾಕಿದಾಗ ಅಕ್ಷರ ಜಗಳ ಆಗಿ ಕಾಣೆಯಾಗುವುದಿದೆ, ಕೊನೆಯ ಕಡೆಯ ಅಕ್ಷರ ಕೊಟ್ಟರೆ ಆ ಗೋಳು ಮುಗಿಯುತ್ತದೆ. ಆಫ್‌ಲೈನ್ ಅಂತ ಇದ್ದರೆ ಆನ್‌ಲೈನ್ ಮಾಡಿ.

ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಇದ್ದರೆ ಶಟ್‌ಡೌನ್ ಅಂದದ್ದು ಪೂರ್ತಿ ಶಟ್‌ಡೌನ್ ಅಲ್ಲ, ಅರ್ಧ ನಿದ್ದೆ. ರೀಸ್ಟಾರ್ಟ್ ಮಾತ್ರ ನಿಜವಾದ ಹೊಸ ಶುರು. ‘ಆಫ್ ಮಾಡಿ ಆನ್ ಮಾಡಿದರೆ ಬರಲ್ಲ, ರೀಸ್ಟಾರ್ಟ್ ಮಾಡಿದರೆ ಬರುತ್ತೆ’ ಅನ್ನುವುದಕ್ಕೆ ಕೆಲವೊಮ್ಮೆ ಕಾರಣ ಇಷ್ಟೇ. ಹಾರ್ಡ್ ಡಿಸ್ಕ್ ಮಲಗುವ ಸಮಯವನ್ನು ಪರೀಕ್ಷೆಯ ಮಟ್ಟಿಗೆ ಸೊನ್ನೆ, ಅಂದರೆ ಎಂದೂ ಇಲ್ಲ, ಅಂತ ಇಡಿ. ಎನ್‌ವಿಎಂಇ (ಸಾಟಾ ಬದಲು ಪಿಸಿಐ ಎಕ್ಸ್‌ಪ್ರೆಸ್ ದಾರಿ ಬಳಸುವ ಎಸ್‌ಎಸ್‌ಡಿ) ಇದ್ದರೆ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಕೂಡ ಆಫ್. ನಿದ್ದೆಯಿಂದ ಎದ್ದ ಮೇಲೆ ಮಾತ್ರ ಮಾಯವಾಗುವ ಡಿಸ್ಕುಗಳಿಗೆ ಇದು ಎಷ್ಟೋ ಸಲ ಸಾಕಾಗುತ್ತದೆ.

8. ಕೊನೆಗೆ ಡಿಸ್ಕ್

ಇಷ್ಟೆಲ್ಲ ದಾಟಿ ಬಂದರೆ ಮಾತ್ರ ಡಿಸ್ಕಿನ ಮೇಲೆ ಬೆರಳು ತೋರಿಸಿ. ಬೇರೆ ಕಂಪ್ಯೂಟರಿಗೆ ಹಾಕಿ ಒಂದು ವಾರ ನೋಡಿ. ಯುಎಸ್‌ಬಿ ಅಡಾಪ್ಟರಿನಲ್ಲಿ ನೋಡುವುದಾದರೆ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇರೆ ಪ್ಲಗ್ ಇರುವ ಅಡಾಪ್ಟರೇ ಬೇಕು, ಬರೀ ಯುಎಸ್‌ಬಿಯಲ್ಲಿ ಅದು ತಿರುಗುವುದಿಲ್ಲ.

ಎಸ್‌ಎಸ್‌ಡಿ ಆದರೆ ತಯಾರಕರ ಸಾಫ್ಟ್‌ವೇರಿನಲ್ಲಿ ಫರ್ಮ್‌ವೇರ್ (ಡಿಸ್ಕಿನ ಒಳಗೇ ಇರುವ ಪ್ರೋಗ್ರಾಂ) ಅಪ್‌ಡೇಟ್ ಇದೆಯಾ ನೋಡಿ, ಬ್ಯಾಕಪ್ ಆದ ಮೇಲೆ. ಕ್ರುಶಿಯಲ್ ಎಂ4 ಅನ್ನುವ ಎಸ್‌ಎಸ್‌ಡಿ ಒಟ್ಟು 5184 ಗಂಟೆ ಓಡಿದ ಮೇಲೆ ಉತ್ತರ ಕೊಡುವುದನ್ನು ನಿಲ್ಲಿಸುತ್ತಿತ್ತು, ರೀಸ್ಟಾರ್ಟ್ ಮಾಡಿದರೆ ಬಂದು ಒಂದು ಗಂಟೆಗೆ ಸರಿಯಾಗಿ ಮತ್ತೆ ಮಾಯ. ಎಷ್ಟು ಜನ ಕೇಬಲ್, ಎಸ್‌ಎಂಪಿಎಸ್ ಬದಲಿಸಿದರೋ. 2012ರ ಜನವರಿಯಲ್ಲಿ ಬಂದ ಫರ್ಮ್‌ವೇರ್ ಅಪ್‌ಡೇಟಿನಿಂದ ಸರಿಯಾಯಿತು. ಡಿಸ್ಕ್ ವಾರಂಟಿಯಲ್ಲಿದ್ದರೆ ನಿಮ್ಮ ನೋಟ್‌ಬುಕ್ಕಿನ ದಿನಾಂಕಗಳು, ಬಯೋಸ್ ಫೋಟೋಗಳು ಈಗ ಕೆಲಸಕ್ಕೆ ಬರುತ್ತವೆ. ‘ನಮ್ಮಲ್ಲಿ ಓಡ್ತಿದೆಯಲ್ಲ’ ಅನ್ನುವ ಮಾತಿಗೆ ಅದೊಂದೇ ಉತ್ತರ.

9. ಸರಿಯಾಯಿತು ಅನ್ನುವುದು ಯಾವಾಗ?

ನಿಮ್ಮ ನೋಟ್‌ಬುಕ್ ಪ್ರಕಾರ ತೊಂದರೆ ವಾರಕ್ಕೊಮ್ಮೆ ಬರುತ್ತಿತ್ತು ಅಂದರೆ ಎರಡು ದಿನ ಚೆನ್ನಾಗಿ ಓಡಿದ್ದಕ್ಕೆ ಅರ್ಥವೇ ಇಲ್ಲ. ನಾನು ಇಟ್ಟುಕೊಂಡ ಲೆಕ್ಕ, ಅತಿ ಉದ್ದದ ಬಿಡುವು ಎಷ್ಟಿತ್ತೋ ಅದರ ಮೂರರಷ್ಟು ಕಾಯುವುದು. ನನ್ನದು ಹನ್ನೊಂದು ದಿನ ಇತ್ತು, ಮೂವತ್ಮೂರು ದಿನ ಕಾದೆ. ಮುಚ್ಚಳದ ಒಂದೇ ಸ್ಕ್ರೂ ಹಾಕಿ ಇಟ್ಟಿದ್ದೆ. ಪ್ರತಿ ದಿನ ಬೆಳಿಗ್ಗೆ ಪೂರ್ತಿ ಆಫ್ ಸ್ಥಿತಿಯಿಂದ ಆನ್, ಕಂಡಿತಾ ಇಲ್ಲವಾ ಅಂತ ಒಂದು ಗುರುತು. ಸಿ7 ಅಂಕಿ ವಾರಕ್ಕೊಮ್ಮೆ.

ಅಷ್ಟಾದ ಮೇಲೆ ಉಳಿದ ಸ್ಕ್ರೂ ಬಿಗಿದೆ. ತೆಗೆದ ಸ್ಪ್ಲಿಟರನ್ನು ವೈರುಗಳ ಡ್ರಾಯರಿಗೆ ಹಾಕಿದ್ದೆ, ಎಸೆಯಲು ಮನಸ್ಸು ಬರಲಿಲ್ಲ. ಏಳೆಂಟು ತಿಂಗಳ ಮೇಲೆ ತಮ್ಮನ ಕಂಪ್ಯೂಟರಿಗೆ ಇನ್ನೊಂದು ಡಿಸ್ಕ್ ಹಾಕಲು ತುದಿ ಸಾಲದೆ, ಡ್ರಾಯರಿನಲ್ಲಿ ಸಿಕ್ಕಿದ್ದನ್ನು ಹಾಕಿಕೊಟ್ಟೆ. ಎರಡು ವಾರಕ್ಕೆ ಫೋನ್ ಬಂತು, ‘ಅಣ್ಣಾ, ಡಿಸ್ಕ್ ಒಂದ್ಸಲ ಕಾಣುತ್ತೆ, ಒಂದ್ಸಲ ಕಾಣಲ್ಲ.’ ಆ ಸಲ ಕತ್ತರಿ ತೆಗೆದುಕೊಂಡು ಹೋದೆ.